ಓದುಗರ ಪ್ರಶ್ನೆಗಳು: ಲಾರಾಳ ಪುಟ್ಟ ಮನೆಯನ್ನು ಮತ್ತೆ ಓದುವಾಗ

ಈ ಬಾರಿ ನಮಗೆ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ಪುಸ್ತಕಮಾಲೆಯನ್ನು, ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ತಮ್ಮ ಬಾಲ್ಯವನ್ನು ಆಧರಿಸಿ ಬರೆದ ‘ಪುಟ್ಟ ಮನೆ’ ಕಾದಂಬರಿಗಳನ್ನು, ಕುರಿತವಾದ್ದರಿಂದ, ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲದಲ್ಲಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಕಾದಂಬರಿಗಳನ್ನು ಎಸ್. ಅನಂತನಾರಾಯಣ ಅವರ ಕನ್ನಡ ಅನುವಾದದಲ್ಲಿ ಓದಿ ಮನಸ್ಸು ತುಂಬಿಕೊಂಡವಳು ನಾನು. ಈ ಬೇಸಿಗೆ ರಜೆಯಲ್ಲಿ ಎಂಟು ವರ್ಷದ ಮೊಮ್ಮಗಳಿಗೆ ‘ಹುಲ್ಲುಗಾವಲಿನಲ್ಲಿ ಪುಟ್ಟ ಮನೆ’ಯನ್ನು ರಾತ್ರಿ ಊಟವಾದ ಮೇಲೆ ಓದಿ ಹೇಳುತ್ತಿದ್ದೇನೆ. ಇಂಡಿಯನ್ನರು (ಅಮೆರಿಕದ ಮೂಲನಿವಾಸಿಗಳು) ಮನೆಯೊಳಕ್ಕೆ ಬಂದು ಮೆಕ್ಕೆಜೋಳದ ರೊಟ್ಟಿ ತಿಂದು, ಅಪ್ಪನ ತಂಬಾಕು ತೆಗೆದುಕೊಂಡು ಹೋಗುವ ಅಧ್ಯಾಯಕ್ಕೆ ಬಂದಾಗ ಮಗು, “ಅಜ್ಜೀ, ಅದು ಅವರ ಊರಲ್ವಾ? ಅಲ್ಲಿ ಇವರ‍್ಯಾಕೆ ಮನೆ ಕಟ್ಟಿದ್ರು?” ಎಂದು ಕೇಳಿತು. ಚಿಕ್ಕವಳಿದ್ದಾಗ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮುಂದಿನ ಪುಟಗಳನ್ನು ಒಬ್ಬಳೇ ಕೂತು ಓದಿ ನೋಡಿದರೆ, ಇಂಡಿಯನ್ನರ ಬಗ್ಗೆ ಮಗುವಿನ ಕಿವಿಗೆ ಬೀಳಬಾರದೆನಿಸುವ ಮಾತುಗಳೂ ಇವೆ. ಅವನ್ನು ಬಿಟ್ಟು ಓದಲೇ, ಅಥವಾ ಪುಸ್ತಕವನ್ನೇ ಎತ್ತಿಟ್ಟುಬಿಡಲೇ?
— ಹಿರಿಯ ಓದುಗರು, ಮೈಸೂರು

ಉತ್ತರ: ಅಮ್ಮಾ, ದಯವಿಟ್ಟು ಮುಂದೆ ಓದಿ, ಯಾವ ಭಾಗವನ್ನೂ ಬಿಡದೆ ಓದಿ. ನಿಮ್ಮ ಮೊಮ್ಮಗಳು ಕೇಳಿದ ಪ್ರಶ್ನೆಯನ್ನು ಪುಸ್ತಕದೊಳಗಿನ ಲಾರಾಳೇ ಕೇಳುತ್ತಾಳೆ. ನೀವು ಇನ್ನು ಕೆಲವು ಅಧ್ಯಾಯ ಮುಂದೆ ಹೋದರೆ ಅದು ಸಿಗುತ್ತದೆ. ರಾತ್ರಿ ಮಲಗುವ ಹೊತ್ತಿನಲ್ಲಿ ಅವಳು, ಸರ್ಕಾರ ಈ ಇಂಡಿಯನ್ನರನ್ನು ಪಶ್ಚಿಮಕ್ಕೆ ಕಳಿಸುತ್ತದೆಯೇ ಎಂದು ಅಪ್ಪನನ್ನು ಕೇಳುತ್ತಾಳೆ. ಹೌದು, ಬಿಳಿಯರು ಬಂದು ನೆಲೆಸಿದಲ್ಲಿ ಇಂಡಿಯನ್ನರು ಮುಂದಕ್ಕೆ ಸಾಗಬೇಕಾಗುತ್ತದೆ, ನಾವು ಮೊದಲೇ ಬಂದಿರುವುದರಿಂದ ಒಳ್ಳೆಯ ಜಮೀನನ್ನು ಆರಿಸಿಕೊಳ್ಳುತ್ತೇವೆ ಎಂದು ಅಪ್ಪ ವಿವರಿಸುತ್ತಾನೆ. ಇದು ಇಂಡಿಯನ್ನರ ಸೀಮೆ ಎಂದುಕೊಂಡಿದ್ದೆನಲ್ಲ, ಅವರಿಗೆ ಸಿಟ್ಟು ಬರುವುದಿಲ್ಲವೇ ಎಂದು ಮಗು ಮತ್ತೆ ಬಾಯಿ ತೆರೆಯುವಷ್ಟರಲ್ಲಿ, ಪ್ರಶ್ನೆ ಸಾಕು ಮಲಗು ಎಂದು ಅಪ್ಪ ಮಾತು ಮುಗಿಸಿಬಿಡುತ್ತಾನೆ. ಇಡೀ ಪುಸ್ತಕದಲ್ಲಿ ಮಕ್ಕಳ ಜೊತೆ ಅಷ್ಟು ತಾಳ್ಮೆಯಿಂದ ಮಾತನಾಡುವ, ಪಿಟೀಲು ನುಡಿಸುತ್ತ ಅವರನ್ನು ಮಲಗಿಸುವ ತಂದೆ ಉತ್ತರ ಹೇಳದೆ ಸುಮ್ಮನಾಗಿಸುವ ಜಾಗ ಇದು. ಅಲ್ಲಿ ನಿಲ್ಲಿಸಿ, ಅಪ್ಪ ಯಾಕೆ ಉತ್ತರ ಹೇಳಲಿಲ್ಲ ಎಂದು ಮಗುವನ್ನೇ ಕೇಳಿ ನೋಡಿ. ನಾನು ಈ ಪುಸ್ತಕವನ್ನು ದೊಡ್ಡವನಾದ ಮೇಲೆ ಮತ್ತೆ ಓದಿದಾಗ ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ್ದು ಇದೇ ಪುಟ.

ಮಗುವಿಗೆ ಹೇಳಲು ನಿಮಗೆ ಹಿನ್ನೆಲೆ ಬೇಕಾಗುತ್ತದೆ. ಲಾರಾಳ ಅಪ್ಪ ಚಾರ್ಲ್ಸ್ ಇಂಗಲ್ಸ್‌ನ ಕುಟುಂಬ ಕಮಾನು ಗಾಡಿಯಲ್ಲಿ ವಿಸ್ಕಾನ್ಸಿನ್‌ನಿಂದ ಹೊರಟು 1869ರಲ್ಲಿ ಕ್ಯಾನ್ಸಸ್‌ನ ಇಂಡಿಪೆಂಡೆನ್ಸ್ ಪಟ್ಟಣದ ಹತ್ತಿರ ಬಂದು ನೆಲೆಸಿತು. ಆ ಹುಲ್ಲುಗಾವಲು ಒಸೇಜ್ ಜನಾಂಗದ ನೆಲ. 1865ರ ಒಪ್ಪಂದದಲ್ಲಿ ಒಸೇಜರು ತಮ್ಮ ಭೂಮಿಯ ದೊಡ್ಡ ಭಾಗವನ್ನು ಬಿಟ್ಟುಕೊಟ್ಟ ಮೇಲೆ, ಇಷ್ಟಾದರೂ ನಿಮ್ಮದು ಎಂದು ಸರ್ಕಾರ ಅವರಿಗೇ ಉಳಿಸಿಕೊಟ್ಟಿದ್ದ ಪ್ರದೇಶ ಅದು. ಅಲ್ಲಿ ಮನೆ ಕಟ್ಟಲು ಇಂಗಲ್ಸ್‌ಗಾಗಲಿ ಅವನ ನೆರೆಯವರಿಗಾಗಲಿ ಯಾವ ಹಕ್ಕೂ ಇರಲಿಲ್ಲ. ನಮ್ಮ ಕಂದಾಯ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಅವರೆಲ್ಲ ಒತ್ತುವರಿದಾರರು, ಇಂದಲ್ಲ ನಾಳೆ ಸರ್ಕಾರ ಸಕ್ರಮ ಮಾಡಿಕೊಡುತ್ತದೆ ಎಂದು ನೆಚ್ಚಿಕೊಂಡು ಕುಳಿತವರು. ಆ ನೆಚ್ಚಿಕೆ ಸುಳ್ಳಾಗಲಿಲ್ಲ. 1870ರ ಜುಲೈಯಲ್ಲಿ ಅಮೆರಿಕದ ಕಾಂಗ್ರೆಸ್ ಕಾಯ್ದೆ ಮಾಡಿತು, ಸೆಪ್ಟೆಂಬರ್‌ನಲ್ಲಿ ಒಸೇಜರು ಒಪ್ಪಿಗೆ ಕೊಡಬೇಕಾಯಿತು, ಎಕರೆಗೆ ಒಂದೂಕಾಲು ಡಾಲರಿನಂತೆ ಆ ಭೂಮಿ ವಲಸೆಗಾರರ ಪಾಲಾಯಿತು, ಒಸೇಜರು ದಕ್ಷಿಣಕ್ಕೆ, ಇಂದಿನ ಒಕ್ಲಹೋಮಾಕ್ಕೆ ಹೋದರು. ಆ ಮೊದಲೇ ವಲಸೆಗಾರರು ಒಸೇಜರ ಮನೆಗಳನ್ನೂ ಜೋಳದ ಹೊಲಗಳನ್ನೂ ಆಕ್ರಮಿಸಿದ್ದರೆಂದು, ಅವರ ಗೋರಿಗಳನ್ನೂ ಅಗೆದು ದೋಚಿದ್ದರೆಂದು ಅವರ ನಡುವೆ ಇದ್ದ ಸರ್ಕಾರಿ ಏಜೆಂಟ್ ಮೇಲಿನವರಿಗೆ ದೂರು ಬರೆದಿದ್ದ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ನೀವು ಹೇಳಿದ ರೊಟ್ಟಿಯ ಪ್ರಸಂಗವೇ ಬೇರೆಯಾಗಿ ಕಾಣುತ್ತದೆ. ಲಾರಾಳ ಕಣ್ಣಿಗೆ ಆ ಇಬ್ಬರು ಹೇಳದೆ ಕೇಳದೆ ಒಳನುಗ್ಗಿದವರು. ಅವರ ಕಡೆಯಿಂದ ನೋಡಿದರೆ, ಅವರ ನೆಲದಲ್ಲಿ, ಅವರ ಹೊಳೆಯ ದಂಡೆಯ ಮರ ಕಡಿದು, ಅವರ ಬೇಟೆಯ ಪ್ರಾಣಿಗಳನ್ನು ಹೊಡೆದು ಬದುಕುತ್ತಿರುವ ಮನೆಯೊಂದರಲ್ಲಿ ಅವರು ಒಂದು ಹೊತ್ತಿನ ರೊಟ್ಟಿ ತಿಂದಿದ್ದಾರೆ. ಹಾಗೆಯೇ ಅಪ್ಪ ಇಬ್ಬರು ಹುಡುಗಿಯರನ್ನು ಖಾಲಿಯಾದ ಇಂಡಿಯನ್ ಬಿಡಾರಕ್ಕೆ ಕರೆದುಕೊಂಡು ಹೋಗುವ ಅಧ್ಯಾಯವನ್ನು ನಿಧಾನವಾಗಿ ಓದಿ. ಬೂದಿಯ ಗುರುತು, ಗುಡಾರದ ಗೂಟ ನೆಟ್ಟಿದ್ದ ತೂತುಗಳು, ಮಣ್ಣಿನಲ್ಲಿ ಹೊಳೆಯುವ ನೀಲಿ, ಕೆಂಪು ಮಣಿಗಳು. ಮಕ್ಕಳು ಮಣಿಗಳನ್ನು ಹೆಕ್ಕಿ ತರುತ್ತಾರೆ, ಮೇರಿ ತನ್ನ ಪಾಲನ್ನು ಪಾಪು ಕ್ಯಾರಿಗೆ ಎಂದುಬಿಡುತ್ತಾಳೆ, ಲಾರಾ ಒಲ್ಲದ ಮನಸ್ಸಿನಿಂದ ತನ್ನದನ್ನೂ ಕೊಡುತ್ತಾಳೆ. ಅಕ್ಕತಂಗಿಯರ ನಡುವಿನ ಆ ಪುಟ್ಟ ಹೊಟ್ಟೆಕಿಚ್ಚನ್ನು ವೈಲ್ಡರ್ ಎಷ್ಟು ಚೆನ್ನಾಗಿ ಹಿಡಿದಿದ್ದಾರೆಂದರೆ, ಬಿಡಾರದವರು ಆ ಜಾಗವನ್ನು ತೊರೆದು ಹೋದವರಲ್ಲ, ಕಾಡೆಮ್ಮೆಯ ಬೇಟೆಗೆ ಹೋದವರು ಎಂಬುದು ಓದುಗರ ಗಮನಕ್ಕೇ ಬರುವುದಿಲ್ಲ. ಎರಡನ್ನೂ ಮಗುವಿಗೆ ತೋರಿಸಬಹುದು. ಎಂಟು ವರ್ಷದ ಮಗು ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬಲ್ಲುದು ಎನ್ನುವುದಕ್ಕೆ ಅದು ಕೇಳಿದ ಪ್ರಶ್ನೆಯೇ ಸಾಕ್ಷಿ.

ಕಿವಿಗೆ ಬೀಳಬಾರದು ಎಂದು ನೀವು ಅಂಜುತ್ತಿರುವ ಮಾತು ಯಾವುದೆಂದು ಊಹಿಸಬಲ್ಲೆ. ಸತ್ತ ಇಂಡಿಯನ್ ಮಾತ್ರ ಒಳ್ಳೆಯವನು ಎಂಬ ಅರ್ಥದ ಮಾತು ನೆರೆಹೊರೆಯವರ ಬಾಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಅದು ಅಂದಿನ ವಲಸೆಗಾರರು ನಿಜವಾಗಿ ಆಡುತ್ತಿದ್ದ ಮಾತು. ಅಪ್ಪ ಅದನ್ನು ಒಪ್ಪುವುದಿಲ್ಲ, ಆದರೆ ಅಮ್ಮನಿಗೆ ಇಂಡಿಯನ್ನರನ್ನು ಕಂಡರಾಗದು, ಅದನ್ನು ಆಕೆ ಬಚ್ಚಿಡುವುದೂ ಇಲ್ಲ. ಆ ಸಾಲುಗಳನ್ನು ನೀವು ಹಾರಿಸಿದರೆ ಇನ್ನೆರಡು ವರ್ಷಕ್ಕೆ ಮೊಮ್ಮಗಳು ತಾನೇ ಓದಿಕೊಳ್ಳುತ್ತಾಳೆ, ಆಗ ಪಕ್ಕದಲ್ಲಿ ನೀವು ಇರುವುದಿಲ್ಲ. ಓದಿ, ಪುಸ್ತಕವನ್ನು ಮಡಿಲಲ್ಲಿಟ್ಟು, ಇದು ತಪ್ಪು ಮಾತು, ಒಂದು ಜನಾಂಗವನ್ನೇ ಓಡಿಸುವ ಕೆಲಸದಲ್ಲಿ ತೊಡಗಿದವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಮಾತು ಎಂದು ನೇರವಾಗಿ ಹೇಳಿ. ‘ಇಂಡಿಯನ್ನರು’ ಎಂದು ಬಂದ ಕಡೆಯೆಲ್ಲ ‘ಒಸೇಜರು’ ಎಂದು ಹೆಸರಿಟ್ಟು ಹೇಳುವುದೂ ಒಳ್ಳೆಯದು. ಹೆಸರಿದ್ದರೆ ಅವರಿಗೂ ಮನೆ, ಮಕ್ಕಳು, ಊರು ಇದ್ದವೆಂದು ಮಗುವಿಗೆ ತಾನಾಗಿ ಅನ್ನಿಸುತ್ತದೆ.

ಲೇಖಕಿಯೇ ಒಂದು ಕಡೆ ತಿದ್ದಿಕೊಂಡಿದ್ದಾರೆ ಎಂಬುದನ್ನೂ ಹೇಳಬೇಕು. 1935ರಲ್ಲಿ ಬಂದ ಮೊದಲ ಮುದ್ರಣದ ಆರಂಭದ ಪುಟಗಳಲ್ಲಿ, ಆ ಸೀಮೆಯಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥದ ವಾಕ್ಯವಿತ್ತು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಬರೆದು ಇದನ್ನು ಎತ್ತಿ ತೋರಿಸಿದಾಗ, ಎಂಬತ್ತೈದರ ವಯಸ್ಸಿನ ವೈಲ್ಡರ್ ತಮ್ಮಿಂದ ತಪ್ಪಾಗಿದೆಯೆಂದು ಒಪ್ಪಿ ತಿದ್ದಲು ಹೇಳಿದರು. 1953ರ ಮುದ್ರಣದಿಂದ ಅಲ್ಲಿ ‘ವಲಸೆಗಾರರು ಇರಲಿಲ್ಲ’ ಎಂದಾಗಿದೆ. ಈ ಘಟನೆಯನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ. ಒಂದು ಪದ ಬದಲಾದ ಮಾತ್ರಕ್ಕೆ ಇಡೀ ಪುಸ್ತಕದ ದೃಷ್ಟಿ ಬದಲಾಗದು, ಆದರೂ ಬರೆದವರು ಓದುಗರ ಮಾತಿಗೆ ಕಿವಿಗೊಟ್ಟರು.

ಇಷ್ಟೆಲ್ಲ ಹೇಳಿದ ಮೇಲೆ, ಮತ್ತೆ ಓದುವಾಗಲೂ ಈ ಪುಸ್ತಕ ಯಾಕೆ ಕೈ ಬಿಡದು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆಲಸವನ್ನು ವೈಲ್ಡರ್ ಬರೆಯುವ ಹಾಗೆ ಬರೆದವರು ಮಕ್ಕಳ ಸಾಹಿತ್ಯದಲ್ಲಿ ಬಹಳ ಕಡಿಮೆ. ಕಬ್ಬಿಣದ ಮೊಳೆಯೇ ಇಲ್ಲದೆ ಅಪ್ಪ ಬಾಗಿಲು ಮಾಡುವ ಅಧ್ಯಾಯವನ್ನೇ ನೋಡಿ: ಹಲಗೆ ಸೀಳುವುದು, ತೂತು ಕೊರೆದು ಮರದ ಬೆಣೆ ಬಡಿಯುವುದು, ತೊಗಲಿನ ಪಟ್ಟಿಯನ್ನೇ ಕೀಲಾಗಿಸುವುದು, ಒಳಗಿನ ಅಗುಳಿಗೆ ತೊಗಲಿನ ದಾರ ಕಟ್ಟಿ ತೂತಿನಿಂದ ಹೊರಕ್ಕೆ ಇಳಿಬಿಡುವುದು. ಹಗಲೆಲ್ಲ ದಾರ ಹೊರಗೆ ಇರುತ್ತದೆ, ಬಂದವರು ಎಳೆದರೆ ಅಗುಳಿ ಮೇಲೇಳುತ್ತದೆ. ರಾತ್ರಿ ದಾರವನ್ನು ಒಳಕ್ಕೆ ಎಳೆದುಕೊಂಡರೆ ಹೊರಗಿನವರು ಬಾಗಿಲು ತೆಗೆಯಲಾರರು. ಓದಿದ ಮಗು ಕೈಯಲ್ಲೊಂದು ಕತ್ತಿ, ಮರ ಇದ್ದರೆ ತಾನೂ ಮಾಡಬಲ್ಲೆ ಎಂದು ನಂಬುವಷ್ಟು ಸ್ಪಷ್ಟವಾಗಿದೆ ಆ ಬರವಣಿಗೆ. ಬಾವಿ ತೋಡುವ ಅಧ್ಯಾಯವೂ ಹಾಗೆಯೇ. ಅಪ್ಪ ಪ್ರತಿ ಬೆಳಿಗ್ಗೆ ಬಕೆಟ್ಟಿನಲ್ಲಿ ಉರಿಯುವ ಮೇಣದ ಬತ್ತಿ ಇಳಿಸಿ, ಅದು ಆರಿಲ್ಲವೆಂದರೆ ಮಾತ್ರ ಬಾವಿಗೆ ಇಳಿಯುತ್ತಾನೆ. ನೆರೆಯ ಸ್ಕಾಟ್‌ಗೆ ಅದೆಲ್ಲ ವೃಥಾ ಶ್ರಮ. ಒಂದು ಬೆಳಿಗ್ಗೆ ಬತ್ತಿ ಇಳಿಸದೆ ತಾನೇ ಇಳಿದು ವಿಷಗಾಳಿಗೆ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಅಪ್ಪ ಕೆಳಗಿಳಿದು ಹಗ್ಗ ಕಟ್ಟುತ್ತಾನೆ, ಅಮ್ಮ ರಾಟೆಯನ್ನು ಮೈಯೆಲ್ಲ ಬಲ ಹಾಕಿ ತಿರುಗಿಸುತ್ತಾಳೆ. ಈ ಬಾಗಿಲಿನ ಜಾಣ್ಮೆಯೂ ನಿಜ, ಆ ಬಾಗಿಲು ನಿಂತಿದ್ದ ನೆಲ ಇನ್ನೊಬ್ಬರದೆಂಬುದೂ ನಿಜ.

ಪ್ರಶ್ನೆ: ಈ ಕಥೆಗಳು ಲೇಖಕಿಯ ಬಾಲ್ಯದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತವೆ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಬರೆದದ್ದು ವಾಸ್ತವವಾಗಿ ಆಕೆಯ ಮಗಳು ಎಂದು ಸಹೋದ್ಯೋಗಿಯೊಬ್ಬರು ಈಚೆಗೆ ಹೇಳಿದರು. ಎಷ್ಟು ನಿಜ?
— ಶಿಕ್ಷಕರು, ಧಾರವಾಡ

ಉತ್ತರ: ಕಾದಂಬರಿಗಳೆಂದೇ ಹೇಳಿ, ಬದುಕಿದ ಬಾಲ್ಯದಿಂದ ಎತ್ತಿಕೊಂಡು ಕಟ್ಟಿದ ಕಾದಂಬರಿಗಳು. ಲಾರಾ ಹುಟ್ಟಿದ್ದು 1867ರ ಫೆಬ್ರವರಿ 7ರಂದು, ವಿಸ್ಕಾನ್ಸಿನ್‌ನ ಪೆಪಿನ್ ಬಳಿ. ಕ್ಯಾನ್ಸಸ್‌ಗೆ ಹೋದಾಗ ಆಕೆಗೆ ಎರಡು ದಾಟಿತ್ತು, ಅಲ್ಲಿಂದ ಹಿಂದಿರುಗಿದಾಗ ನಾಲ್ಕು. ಅಂದರೆ ಬಾಗಿಲು, ಬಾವಿ, ಒಸೇಜರು ಆ ಸೀಮೆ ಬಿಟ್ಟು ಸಾಲುಗಟ್ಟಿ ಹೊರಡುವ ಮೆರವಣಿಗೆ ಇವೆಲ್ಲ ಆಕೆಯ ಸ್ವಂತ ನೆನಪಿಗಿಂತ ಹೆಚ್ಚಾಗಿ ಮನೆಯಲ್ಲಿ ಹಿರಿಯರಿಂದ ಕೇಳಿದ ಕಥೆಗಳು. ಪುಸ್ತಕದಲ್ಲಿ ಮನೆ ಪಟ್ಟಣದಿಂದ 40 ಮೈಲಿ ದೂರದಲ್ಲಿದೆ, ನಿಜಕ್ಕೂ ಇದ್ದದ್ದು ಸುಮಾರು 13 ಮೈಲಿ ದೂರದಲ್ಲಿ. ಸೈನಿಕರು ಬಂದು ಎಬ್ಬಿಸುತ್ತಾರೆಂದು ಸಿಟ್ಟಿಗೆದ್ದು ಅಪ್ಪ ಗಾಡಿ ಕಟ್ಟುವುದಾಗಿ ಕಾದಂಬರಿ ಮುಗಿಯುತ್ತದೆ. ಆದರೆ ವಿಸ್ಕಾನ್ಸಿನ್‌ನ ಮನೆ, ಜಮೀನನ್ನು ಕೊಂಡಿದ್ದವನು ಉಳಿದ ಹಣ ಕೊಡಲಾಗದೆ ಹಿಂದಿರುಗಿಸಲು ಮುಂದಾದದ್ದು ಆ ಕುಟುಂಬ ಮರಳಿದ್ದಕ್ಕೆ ಕಾರಣವಾಯಿತು.

ಬಿಟ್ಟದ್ದೂ ಬಹಳ ಇದೆ. ಒಂಬತ್ತು ತಿಂಗಳಿಗೇ ತೀರಿಕೊಂಡ ತಮ್ಮನೊಬ್ಬನಿದ್ದ, ಅವನ ಹೆಸರು ಈ ಕಾದಂಬರಿಗಳಲ್ಲಿ ಎಲ್ಲೂ ಬರುವುದಿಲ್ಲ. ಮಿನೆಸೋಟಾದಲ್ಲಿ ಮಿಡತೆಗಳು ಬೆಳೆಯನ್ನೆಲ್ಲ ತಿಂದ ಮೇಲೆ ಕುಟುಂಬ ಅಯೋವಾದ ಬರ್ ಓಕ್‌ಗೆ ಹೋಗಿ ಹೋಟೆಲೊಂದರಲ್ಲಿ ದುಡಿಯಿತು, ಕೊನೆಗೆ ಸಾಲ ತೀರಿಸಲಾಗದೆ ಒಂದು ರಾತ್ರಿ ಸದ್ದಿಲ್ಲದೆ ಊರು ಬಿಟ್ಟಿತು. ಆ ಕಾಲವೂ ಪೂರ್ತಿಯಾಗಿ ಮಾಯವಾಗಿದೆ. ಇವೆಲ್ಲ ನಮಗೆ ಗೊತ್ತಾಗಿರುವುದು ವೈಲ್ಡರ್ 1930ರ ಹೊತ್ತಿಗೆ ದೊಡ್ಡವರಿಗಾಗಿ ಬರೆದು, ಆಗ ಯಾವ ಪ್ರಕಾಶಕರೂ ತೆಗೆದುಕೊಳ್ಳದ ‘ಪಯನಿಯರ್ ಗರ್ಲ್’ ಎಂಬ ಆತ್ಮಕಥೆಯಿಂದ. ಅದು ಟಿಪ್ಪಣಿಗಳೊಂದಿಗೆ ಅಚ್ಚಾದದ್ದು 2014ರಲ್ಲಿ.

ಮಗಳ ವಿಷಯ. ರೋಸ್ ವೈಲ್ಡರ್ ಲೇನ್ ಆ ಕಾಲದಲ್ಲಿ ತಾಯಿಗಿಂತ ಹೆಚ್ಚು ಹೆಸರಾಗಿದ್ದ ಪತ್ರಕರ್ತೆ, ಲೇಖಕಿ. ತಾಯಿ ಪೆನ್ಸಿಲಿನಲ್ಲಿ ಬರೆದುಕೊಟ್ಟ ಹಸ್ತಪ್ರತಿಗಳನ್ನು ಆಕೆ ಟೈಪು ಮಾಡಿದರು, ಅಧ್ಯಾಯಗಳನ್ನು ಹಿಂದುಮುಂದು ಮಾಡಿದರು, ವಾಕ್ಯಗಳನ್ನು ತೀಡಿದರು. ಇಬ್ಬರ ನಡುವೆ ಇದಕ್ಕಾಗಿ ಜಗಳವಾಡಿದ ಪತ್ರಗಳೂ ಉಳಿದಿವೆ. ಆದರೆ ಬಾಗಿಲ ದಾರವನ್ನೂ ಬಾವಿಯ ಮೇಣದ ಬತ್ತಿಯನ್ನೂ ನೆನಪಿನಲ್ಲಿಟ್ಟುಕೊಂಡಿದ್ದವರು ತಾಯಿ. ಮಗಳು ಬರೆದದ್ದು ಎನ್ನುವುದು ಅತಿಯಾಯಿತು, ಮಗಳ ಕೈಯೇ ಇಲ್ಲವೆನ್ನುವುದೂ ಸರಿಯಲ್ಲ.

ರೋಸ್ ಅವರ ಕೈವಾಡ ಎದ್ದು ಕಾಣುವ ಕಡೆಯೊಂದನ್ನು ನಿಮ್ಮ ತರಗತಿಗೆ ತೆಗೆದುಕೊಳ್ಳಬಹುದು. ಈ ಕುಟುಂಬ ಯಾರ ಮುಂದೆಯೂ ಕೈ ಚಾಚಲಿಲ್ಲ, ಸರ್ಕಾರದ ಹಂಗಿಲ್ಲದೆ ಬಾಳಿತು ಎಂಬ ಭಾವ ಮಾಲೆಯುದ್ದಕ್ಕೂ ಇದೆ. ಸರ್ಕಾರದ ನೆರವಿನ ಬಗ್ಗೆ ತಾಯಿ, ಮಗಳು ಇಬ್ಬರಿಗೂ ಇದ್ದ ವಿರೋಧ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಇನ್ನಷ್ಟು ಗಟ್ಟಿಯಾಗಿತ್ತು. ಆದರೆ ಡಕೋಟಾದಲ್ಲಿ ಇಂಗಲ್ಸ್‌ಗೆ ಸಿಕ್ಕ 160 ಎಕರೆ ಜಮೀನು 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಸರ್ಕಾರ ಕೊಟ್ಟದ್ದು. ದೃಷ್ಟಿ ಕಳೆದುಕೊಂಡ ಮೇರಿಯನ್ನು ಅಯೋವಾದ ಅಂಧರ ಕಾಲೇಜಿಗೆ ಕಳಿಸಲು ಇಡೀ ಮನೆ ಕಾಸಿಗೆ ಕಾಸು ಕೂಡಿಡುವುದನ್ನು ಓದಿ ಕಣ್ಣು ತುಂಬುತ್ತದೆ. ಆಕೆಯ ಕಾಲೇಜು ಶುಲ್ಕವನ್ನು ಕಟ್ಟಿದ್ದು ಡಕೋಟಾ ಪ್ರಾಂತ್ಯದ ಸರ್ಕಾರ. ಇದನ್ನು ಹೇಳಿದರೆ ಆ ತಂದೆತಾಯಿಯ ದುಡಿಮೆಗೆ ಕುಂದು ಬರುವುದಿಲ್ಲ.

ನಡೆದದ್ದಕ್ಕೆ ತೀರ ಹತ್ತಿರವಾಗಿರುವ ಪುಸ್ತಕ ಬೇಕೆಂದರೆ 1940ರಲ್ಲಿ ಬಂದ ‘ದಿ ಲಾಂಗ್ ವಿಂಟರ್’ ಅನ್ನು ಓದಿಸಿ. 1880-81ರ ಚಳಿಗಾಲದಲ್ಲಿ ಡಿ ಸ್ಮೆಟ್ ಊರಿಗೆ ಹಿಮದಿಂದಾಗಿ ತಿಂಗಳುಗಟ್ಟಲೆ ರೈಲೇ ಬರಲಿಲ್ಲ. ಸೌದೆ, ಕಲ್ಲಿದ್ದಲು ಮುಗಿದು ಒಣಹುಲ್ಲನ್ನು ಹಗ್ಗದಂತೆ ಹೊಸೆದು ಒಲೆಗೆ ಹಾಕಿದರು, ಕಾಫಿ ಬೀಜ ಪುಡಿ ಮಾಡುವ ಕೈಯಂತ್ರದಲ್ಲಿ ಸರದಿಯ ಮೇಲೆ ಗೋಧಿ ಬೀಸಿ ದಿನದ ರೊಟ್ಟಿ ಮಾಡಿಕೊಂಡರು. ಮಾಲೆಯಲ್ಲೇ ಶ್ರೇಷ್ಠ ಕೃತಿ ಅದೆಂಬುದು ನನ್ನ ಅಭಿಪ್ರಾಯ. ಹಸಿವಿನಿಂದ ಮನೆಯವರ ಮಾತು ದಿನದಿಂದ ದಿನಕ್ಕೆ ಕಡಿಮೆಯಾಗುವುದನ್ನು ವೈಲ್ಡರ್ ಯಾವ ಅಲಂಕಾರವೂ ಇಲ್ಲದೆ ಬರೆದಿದ್ದಾರೆ.

ಪ್ರಶ್ನೆ: ನಾವು ಮಿನಿಯಾಪೊಲಿಸ್‌ನಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ. ನಾನು ಊರಿನಲ್ಲಿ ಕನ್ನಡದಲ್ಲಿ ಓದಿದ್ದ ಈ ಪುಸ್ತಕಗಳನ್ನು ಅವಳಿಗೆ ಕೊಡಬೇಕೆಂದಿದ್ದೆ, ಆದರೆ ಅಮೆರಿಕದಲ್ಲಿ ಇವನ್ನು ನಿಷೇಧಿಸಿದ್ದಾರೆ ಎಂದು ಕೇಳಿದೆ. ನಿಜವೇ? ಜೊತೆಗೆ ಬೇರೇನು ಓದಿಸಬಹುದು?
— ಓದುಗರು, ಅಮೆರಿಕ

ಉತ್ತರ: ನಿಷೇಧವಿಲ್ಲ. ನೀವು ಕೇಳಿರುವುದು ಬಹುಶಃ ಪ್ರಶಸ್ತಿಯ ಹೆಸರು ಬದಲಾದ ಸುದ್ದಿ. ಮಕ್ಕಳ ಗ್ರಂಥಪಾಲಕರ ಸಂಘ 1954ರಲ್ಲಿ ವೈಲ್ಡರ್ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿ, ಮೊದಲನೆಯದನ್ನು ಅವರಿಗೇ ಕೊಟ್ಟಿತ್ತು. ಅವರ ಕೃತಿಗಳಲ್ಲಿ ಮೂಲನಿವಾಸಿಗಳ ಮತ್ತು ಕಪ್ಪು ಜನರ ಚಿತ್ರಣ ತಮ್ಮ ಮೌಲ್ಯಗಳಿಗೆ ಹೊಂದುವುದಿಲ್ಲವೆಂದು 2018ರ ಜೂನ್‌ನಲ್ಲಿ ಆ ಹೆಸರನ್ನು ಕೈಬಿಟ್ಟರು. ಪುಸ್ತಕಗಳನ್ನು ಓದಬೇಡಿ ಎಂದು ಅವರು ಹೇಳಲಿಲ್ಲ. ನನಗೆ ಆ ತೀರ್ಮಾನ ಸರಿಯೆನಿಸುತ್ತದೆ. ಪ್ರಶಸ್ತಿಯನ್ನು ಎಲ್ಲ ಸಮುದಾಯಗಳ ಲೇಖಕರೂ ಸಂತೋಷದಿಂದ ತೆಗೆದುಕೊಳ್ಳುವಂತಿರಬೇಕು.

ನೀವಿರುವ ರಾಜ್ಯಕ್ಕೆ ಈ ಮಾತು ಇನ್ನೂ ಹತ್ತಿರದ್ದು. ಪುಸ್ತಕದಲ್ಲಿ ನೆರೆಯಾಕೆ ‘ಮಿನೆಸೋಟಾದ ಹತ್ಯಾಕಾಂಡ’ ಎಂದು ಬಾಯಿಬಿಟ್ಟಾಗ ಅಮ್ಮ ಮಕ್ಕಳೆದುರು ಬೇಡವೆಂದು ಆಕೆಯನ್ನು ತಡೆಯುತ್ತಾಳೆ. ಅದು 1862ರ ಡಕೋಟಾ ಯುದ್ಧದ ಉಲ್ಲೇಖ. ಒಪ್ಪಂದದಂತೆ ಬರಬೇಕಾದ ಹಣ ಬಾರದೆ ಹಸಿವಿಗೆ ಬಿದ್ದ ಡಕೋಟಾ ಎಂಬ ಮೂಲನಿವಾಸಿ ಜನ ತಿರುಗಿಬಿದ್ದರು, ನೂರಾರು ವಲಸೆಗಾರರು ಸತ್ತರು. ಆ ವರ್ಷದ ಡಿಸೆಂಬರ್ 26ರಂದು ಮ್ಯಾನ್‌ಕೇಟೊ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು, ಮರುವರ್ಷ ಆ ಜನಾಂಗವನ್ನೇ ರಾಜ್ಯದಿಂದ ಹೊರಹಾಕಲಾಯಿತು. ಇಂಗಲ್ಸ್ ಕುಟುಂಬ ವಾಲ್ನಟ್ ಗ್ರೋವ್‌ಗೆ ಬಂದು ಪ್ಲಮ್ ತೊರೆಯ ದಂಡೆಯಲ್ಲಿ ನೆಲೆಸಿದ್ದು 1874ರಲ್ಲಿ. 1998ರಲ್ಲಿ ಮಿನೆಸೋಟಾದ ಶಾಲೆಯೊಂದರಲ್ಲಿ ಈ ಪುಸ್ತಕವನ್ನು ತರಗತಿಗೆ ಗಟ್ಟಿಯಾಗಿ ಓದಿದ ದಿನ, ಸತ್ತ ಇಂಡಿಯನ್ ಕುರಿತ ಆ ಮಾತನ್ನು ಕೇಳಿ ಡಕೋಟಾ ಸಮುದಾಯದ ಪುಟ್ಟ ಹುಡುಗಿಯೊಬ್ಬಳು ಅಳುತ್ತ ಮನೆಗೆ ಬಂದಳು. ಅವಳ ತಾಯಿ ಶಾಲಾ ಮಂಡಳಿಗೆ ದೂರು ಕೊಟ್ಟರು. ನಿಮ್ಮ ಮಗಳ ತರಗತಿಯಲ್ಲೂ ಅಂಥ ಮಗು ಇರಬಹುದು. ಮನೆಯಲ್ಲಿ ನಿಮ್ಮ ಮಡಿಲಲ್ಲಿ ಕೂತು ಓದುವುದಕ್ಕೂ, ಮೂವತ್ತು ಮಕ್ಕಳ ನಡುವೆ ವಿವರಣೆಯಿಲ್ಲದೆ ಕೇಳುವುದಕ್ಕೂ ಬಹಳ ಅಂತರವಿದೆ. ಮೊದಲಿಗೆ ಕೊಡುವುದಾದರೆ ‘ದೊಡ್ಡ ಕಾಡಿನಲ್ಲಿ ಪುಟ್ಟ ಮನೆ’ಯನ್ನು ಕೊಡಿ, ಕ್ಯಾನ್ಸಸ್‌ನ ಪುಸ್ತಕವನ್ನು ನೀವೇ ಜೊತೆಗಿದ್ದು ಓದಿಸಿ.

ಜೊತೆಗೆ ಓದಿಸಲು ಒಂದೇ ಹೆಸರು ಹೇಳುತ್ತೇನೆ: ಲೂಯಿಸ್ ಎರ್ಡ್ರಿಕ್ ಅವರ ‘ದಿ ಬರ್ಚ್‌ಬಾರ್ಕ್ ಹೌಸ್’, 1999ರಲ್ಲಿ ಬಂದದ್ದು. ಲೇಖಕಿಯ ತಾಯಿಯ ಕಡೆಯವರು ಒಜಿಬ್ವೆ ಜನಾಂಗದವರು, ಬಾಳುತ್ತಿರುವುದು ನಿಮ್ಮ ಮಿನಿಯಾಪೊಲಿಸ್‌ನಲ್ಲಿಯೇ. ಕಥೆ 1847ರಲ್ಲಿ, ಸುಪೀರಿಯರ್ ಸರೋವರದ ನಡುಗಡ್ಡೆಯೊಂದರಲ್ಲಿ ನಡೆಯುತ್ತದೆ. ಒಮಕಯಾಸ್ ಎಂಬ ಏಳು ವರ್ಷದ ಒಜಿಬ್ವೆ ಹುಡುಗಿ ಅದರ ನಾಯಕಿ. ಇಲ್ಲೂ ಮನೆ ಕಟ್ಟುವುದು, ತೊಗಲು ಹದ ಮಾಡುವುದು, ಅಕ್ಕನ ಮೇಲಿನ ಹೊಟ್ಟೆಕಿಚ್ಚು, ಅಜ್ಜಿ ಹೇಳುವ ಕಥೆಗಳು ಇವೆ. ಒಂದು ಚಳಿಗಾಲ ಹೊರಗಿನವನೊಬ್ಬ ತಂದ ಸಿಡುಬು ಊರನ್ನೇ ಹೊಕ್ಕುಬಿಡುತ್ತದೆ, ಆ ಭಾಗವನ್ನು ಮಗಳು ಒಬ್ಬಳೇ ಓದದಿರಲಿ. ಎರಡೂ ಪುಸ್ತಕಗಳಲ್ಲಿ ವಸಂತದ ಆರಂಭದಲ್ಲಿ ಮೇಪಲ್ ಮರದ ರಸ ಇಳಿಸಿ, ಕುದಿಸಿ, ಸಕ್ಕರೆ ಮಾಡುವ ವರ್ಣನೆ ಬರುತ್ತದೆ: ‘ದೊಡ್ಡ ಕಾಡಿ’ನಲ್ಲಿ ಲಾರಾಳ ಅಜ್ಜನ ಮನೆಯಲ್ಲಿ, ಇಲ್ಲಿ ಒಮಕಯಾಸಳ ಮನೆಯವರ ಸಕ್ಕರೆ ಬಿಡಾರದಲ್ಲಿ. ಆ ವಿದ್ಯೆ ಮೂಲನಿವಾಸಿಗಳದು, ವಲಸೆಗಾರರು ಬರುವ ಎಷ್ಟೋ ಮೊದಲಿನದು. ಆ ಎರಡು ಭಾಗಗಳನ್ನು ಒಂದರ ಹಿಂದೆ ಒಂದರಂತೆ ಓದಿಸಿ, ಸಾಧ್ಯವಾದರೆ ಮಾರ್ಚ್ ತಿಂಗಳಿನಲ್ಲಿ. ನಿಮ್ಮ ಸುತ್ತಿನ ಕಾಡುಗಳಲ್ಲಿ ಇಂದಿಗೂ ರಸ ಇಳಿಸುವ ಕಾಲ ಅದು, ಮಗಳನ್ನು ಕರೆದುಕೊಂಡು ಹೋಗಿ ಕಣ್ಣಾರೆ ತೋರಿಸಬಹುದು.